ಸ್ಕ್ರೀನಿನ ಮೇಲೆ ಮಾತಾಡುತ್ತಿರುವುದು ಯಾರು?

(ಮಡಿಕೇರಿಯಲ್ಲಿ ಕಂಪ್ಯೂಟರ್ ಬಳಸುವವರಿಗಾಗಿ ನಡೆದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ತೋಟದ ಲೆಕ್ಕ ಎಕ್ಸೆಲ್‌ನಲ್ಲಿ ಇಡುವವರು ಇದ್ದೀರಿ, ಹೋಂಸ್ಟೇ ನಡೆಸುವವರು ಇದ್ದೀರಿ, ನಿವೃತ್ತ ಮೇಷ್ಟ್ರುಗಳಿದ್ದಾರೆ, ಹಿಂದಿನ ಸಾಲಿನಲ್ಲಿ ಕಾಲೇಜು ಮಕ್ಕಳಿದ್ದಾರೆ. ಕಂಪ್ಯೂಟರ್ ಆನ್ ಮಾಡುವುದು ಹೇಗೆ ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಹಾಗಾಗಿ ನಾನು ಬೇರೆ ಕಡೆಯಿಂದ ಶುರು ಮಾಡುತ್ತೇನೆ.

"ಕಂಪ್ಯೂಟರ್ ಏನೋ ಕೇಳ್ತು, ನಾನು ಓಕೆ ಒತ್ತಿದೆ." ಈ ಮಾತನ್ನು ಹೇಳದವರು ಯಾರಿದ್ದಾರೆ? ನನಗೆ ಅದರಲ್ಲಿ ಒಂದೇ ತಕರಾರು. ಕೇಳಿದ್ದು ಕಂಪ್ಯೂಟರ್ ಅಲ್ಲ. ಆ ಸ್ಕ್ರೀನಿನ ಮೇಲೆ ನಿಮ್ಮ ಹತ್ತಿರ ಮಾತಾಡುವವರು ನಾಲ್ಕೈದು ಜನ ಇದ್ದಾರೆ. ಯಂತ್ರದ ಫರ್ಮ್‌ವೇರ್ ಒಂದು. ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮ್ ಇನ್ನೊಂದು. ನೀವು ಹಾಕಿಕೊಂಡ ವರ್ಡ್, ಟ್ಯಾಲಿಯಂಥ ಪ್ರೋಗ್ರಾಮ್‌ಗಳು. ಬ್ರೌಸರ್. ಆ ಬ್ರೌಸರಿನ ಒಳಗೆ ತೆರೆದುಕೊಳ್ಳುವ ವೆಬ್‌ಸೈಟು. ಇವರೆಲ್ಲ ಒಂದೇ ಗಾಜಿನ ಮೇಲೆ, ಹೆಚ್ಚುಕಡಿಮೆ ಒಂದೇ ಥರದ ಚೌಕದಲ್ಲಿ ಮಾತಾಡುತ್ತಾರೆ. ಹಾಗಾಗಿ ನಮಗೆ ಎಲ್ಲವೂ ಒಬ್ಬರದೇ ದನಿ ಅನ್ನಿಸುತ್ತದೆ.

ಇವತ್ತು ನಾನು ಹೇಳುವುದು ಇಷ್ಟೇ. ಒಂದು ಚೌಕ ಬಂದಾಗ, ಅದು ಏನು ಹೇಳುತ್ತಿದೆ ಅಂತ ನೋಡುವ ಮೊದಲು, ಯಾರು ಹೇಳುತ್ತಿದ್ದಾರೆ ಅಂತ ನೋಡಿ. ಸಿಸ್ಟಮ್ ಸಾಫ್ಟ್‌ವೇರ್ ಬಗ್ಗೆ ಸಾಮಾನ್ಯ ಬಳಕೆದಾರರಿಗೆ ಬೇಕಾದ ತಿಳುವಳಿಕೆಯಲ್ಲಿ ಮುಕ್ಕಾಲು ಪಾಲು ಇದರಲ್ಲೇ ಬರುತ್ತದೆ.

ಪವರ್ ಬಟನ್ ಒತ್ತಿದ ಕೂಡಲೇ ವಿಂಡೋಸ್ ಏಳುವುದಿಲ್ಲ. ಮದರ್‌ಬೋರ್ಡಿನ ಮೇಲೆ ಒಂದು ಸಣ್ಣ ಚಿಪ್ ಇದೆ. ಅದರಲ್ಲಿ ಬರೆದಿಟ್ಟ ಪ್ರೋಗ್ರಾಮ್ ಮೊದಲು ಏಳುತ್ತದೆ. ಅದೇ ಫರ್ಮ್‌ವೇರ್. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಇದ್ದದ್ದು ಬಯಾಸ್. ಈಗಿನ ಯಂತ್ರಗಳಲ್ಲಿ ಅದರ ಜಾಗದಲ್ಲಿ ಯುಇಎಫ್‌ಐ ಇದೆ, ಆದರೆ ರಿಪೇರಿ ಅಂಗಡಿಯವರು ಈಗಲೂ ಬಯಾಸ್ ಅಂತಲೇ ಹೇಳುತ್ತಾರೆ. ಅದು ಮೆಮೊರಿ ಇದೆಯಾ, ಕೀಬೋರ್ಡ್ ಇದೆಯಾ, ಡಿಸ್ಕ್ ಇದೆಯಾ ಅಂತ ನೋಡುತ್ತದೆ. ಡಿಸ್ಕಿನಲ್ಲಿ ಆಪರೇಟಿಂಗ್ ಸಿಸ್ಟಮ್ ಸಿಕ್ಕಿದರೆ ಕೆಲಸವನ್ನು ಅದಕ್ಕೆ ಒಪ್ಪಿಸಿ ಹಿಂದೆ ಸರಿಯುತ್ತದೆ.

ಕಪ್ಪು ಸ್ಕ್ರೀನಿನ ಮೇಲೆ ಬಿಳಿ ಅಕ್ಷರದಲ್ಲಿ "ನೋ ಬೂಟಬಲ್ ಡಿವೈಸ್" ಅಂತ ಬಂದರೆ ತುಂಬಾ ಜನ "ವಿಂಡೋಸ್ ಹಾಳಾಗಿದೆ" ಅನ್ನುತ್ತಾರೆ. ವಿಂಡೋಸ್ ಇನ್ನೂ ಬಂದೇ ಇಲ್ಲ, ಹಾಳಾದದ್ದು ಹೇಗೆ ಗೊತ್ತಾಗಬೇಕು? ಅಲ್ಲಿ ಮಾತಾಡುತ್ತಿರುವುದು ಫರ್ಮ್‌ವೇರ್. ನನಗೆ ಡಿಸ್ಕ್ ಸಿಗಲಿಲ್ಲ, ಇಲ್ಲವೇ ಸಿಕ್ಕಿದ ಡಿಸ್ಕಿನಲ್ಲಿ ಏಳಿಸುವಂಥದ್ದು ಏನೂ ಇಲ್ಲ ಅನ್ನುತ್ತಿದೆ. ಮೊದಲು ಪೆನ್‌ಡ್ರೈವ್ ಚುಚ್ಚಿಕೊಂಡೇ ಇದೆಯಾ ನೋಡಿ. ಹಳೆಯ ಯಂತ್ರಗಳು ಅದರಿಂದಲೇ ಏಳಲು ಹೋಗಿ ನಿಂತುಬಿಡುತ್ತವೆ. ಪೆನ್‌ಡ್ರೈವ್ ತೆಗೆದು ಮತ್ತೆ ಆನ್ ಮಾಡಿ. ಆಗಲೂ ಬರದಿದ್ದರೆ ಡಿಸ್ಕಿನ ಕೇಬಲ್ ಸಡಿಲವಾಗಿರಬಹುದು, ಡಿಸ್ಕೇ ಹೋಗಿರಬಹುದು. ಅಂಗಡಿಗೆ ಹೋದಾಗ "ವಿಂಡೋಸ್ ಹಾಕಿಕೊಡಿ" ಅನ್ನಬೇಡಿ, "ಡಿಸ್ಕ್ ಸಿಗ್ತಾ ಇಲ್ಲ" ಅನ್ನಿ. ಎರಡಕ್ಕೂ ಬೇರೆ ಬೇರೆ ಕೆಲಸ, ಬೇರೆ ಬೇರೆ ಬಿಲ್ಲು.

ಇನ್ನೊಂದು ತಮಾಷೆ ಇದೆ. ಮದರ್‌ಬೋರ್ಡಿನ ಮೇಲೆ ನಾಣ್ಯದಷ್ಟು ದೊಡ್ಡ ಬ್ಯಾಟರಿ ಇರುತ್ತದೆ, ಸಾಮಾನ್ಯವಾಗಿ ಸಿಆರ್ 2032 ಅನ್ನುವುದು. ಕಂಪ್ಯೂಟರ್ ಆಫ್ ಇದ್ದಾಗ ಗಡಿಯಾರ ನಡೆಸುವುದು ಅದೇ. ಕೆಲವು ವರ್ಷ ಆದ ಮೇಲೆ ಅದು ಸಾಯುತ್ತದೆ. ಆಗ ಡೆಸ್ಕ್‌ಟಾಪಿನ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಮೇಲೆ ಏನಾಗುತ್ತದೆ ಅಂದರೆ ಬ್ಯಾಂಕಿನ ವೆಬ್‌ಸೈಟು ತೆರೆಯುವುದಿಲ್ಲ. "ನಿಮ್ಮ ಸಂಪರ್ಕ ಸುರಕ್ಷಿತವಲ್ಲ" ಅಂತ ಕೆಂಪು ಎಚ್ಚರಿಕೆ ಬರುತ್ತದೆ. ಯಾಕೆ? ವೆಬ್‌ಸೈಟುಗಳ ಅಸಲಿತನ ತೋರಿಸುವ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ನಿಮ್ಮ ಯಂತ್ರದ ಪ್ರಕಾರ ಆ ಅವಧಿ ಇನ್ನೂ ಶುರುವೇ ಆಗಿಲ್ಲ. ಕೆಲವು ಬ್ರೌಸರ್‌ಗಳು "ನಿಮ್ಮ ಗಡಿಯಾರ ಹಿಂದಿದೆ" ಅಂತ ನೇರವಾಗಿಯೇ ಹೇಳುತ್ತವೆ. ನಾವು ಓದುವುದಿಲ್ಲ ಅಷ್ಟೇ. ಇಲ್ಲಿ ಮಾತಾಡಿದ್ದು ಬ್ರೌಸರ್, ತೊಂದರೆ ಇರುವುದು ಕೆಳಗೆ ಬ್ಯಾಟರಿಯಲ್ಲಿ. ವಾಚಿನ ಅಂಗಡಿಯಲ್ಲೂ ಸಿಗುವ ಬ್ಯಾಟರಿ ಅದು.

ಈಗ ಆಪರೇಟಿಂಗ್ ಸಿಸ್ಟಮ್‌ಗೆ ಬರೋಣ. ಅದರ ನಡುವೆ ಇರುವ ತಿರುಳಿಗೆ ಕರ್ನೆಲ್ ಅನ್ನುತ್ತಾರೆ. ಕೊಡಗಿನವರಿಗೆ ಇದನ್ನು ಹೇಳುವುದು ಸುಲಭ. ದೊಡ್ಡ ಕಾಫಿ ತೋಟದಲ್ಲಿ ರೈಟರ್ ಇರುತ್ತಾರಲ್ಲ, ಅವರ ಕೆಲಸ ಇದು. ಇವತ್ತು ಯಾರು ಕಾಫಿ ಕುಯ್ಯಬೇಕು, ಯಾರು ಕಪಾತಿಗೆ ಹೋಗಬೇಕು, ಮೆಣಸು ಕುಯ್ಯುವ ಏಣಿ ಯಾರ ಕೈಗೆ, ಸ್ಪ್ರೇಯರ್ ಯಾರ ಕೈಗೆ, ಎಲ್ಲ ಅವರೇ ಹಂಚುತ್ತಾರೆ. ಕೆಲಸದವರು ಸ್ಟೋರಿಗೆ ತಾವೇ ನುಗ್ಗಿ ಸಾಮಾನು ಎತ್ತಿಕೊಳ್ಳುವ ಹಾಗಿಲ್ಲ, ರೈಟರನ್ನು ಕೇಳಬೇಕು. ಕರ್ನೆಲ್ ಕೂಡ ಹಾಗೇ. ಪ್ರೊಸೆಸರಿನ ಸಮಯ, ಮೆಮೊರಿ, ಡಿಸ್ಕ್, ಪ್ರಿಂಟರ್, ನೆಟ್‌ವರ್ಕ್ ಎಲ್ಲ ಅದರ ಕೈಯಲ್ಲಿ. ವರ್ಡ್ ಆಗಲಿ ಕ್ರೋಮ್ ಆಗಲಿ ಡಿಸ್ಕನ್ನು ನೇರವಾಗಿ ಮುಟ್ಟುವುದಿಲ್ಲ. "ಈ ಫೈಲು ಬರೆದುಕೊಡು" ಅಂತ ಕರ್ನೆಲ್ಲನ್ನು ಕೇಳುತ್ತದೆ.

ನೀವು ಹಾಡು ಕೇಳುತ್ತಾ ಪಹಣಿ ಪ್ರಿಂಟ್ ಹಾಕುತ್ತೀರಿ, ಪಕ್ಕದಲ್ಲಿ ಕಾಫಿ ರೇಟು ನೋಡುತ್ತೀರಿ. ಎಲ್ಲ ಒಟ್ಟಿಗೇ ನಡೆಯುತ್ತಿರುವ ಹಾಗೆ ಕಾಣುತ್ತದೆ. ಈಗಿನ ಪ್ರೊಸೆಸರ್‌ಗಳಲ್ಲಿ ನಾಲ್ಕೋ ಎಂಟೋ ಕೋರ್‌ಗಳಿರುತ್ತವೆ ನಿಜ. ಆದರೆ ಓಡುತ್ತಿರುವ ಪ್ರೋಗ್ರಾಮ್‌ಗಳು ನೂರಕ್ಕೂ ಜಾಸ್ತಿ. ಕರ್ನೆಲ್ ಒಬ್ಬೊಬ್ಬರಿಗೆ ಸೆಕೆಂಡಿನ ಸಾವಿರದ ಕೆಲವು ಭಾಗದಷ್ಟು ಹೊತ್ತು ಕೊಟ್ಟು, ಎಬ್ಬಿಸಿ, ಇನ್ನೊಬ್ಬರನ್ನು ಕೂರಿಸುತ್ತದೆ. ಅದು ಎಷ್ಟು ಬೇಗ ಆಗುತ್ತದೆ ಅಂದರೆ ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ.

ಮೆಮೊರಿಯದೂ ಇದೇ ಕಥೆ. 4 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದರೆ ಜಾಗ ಸಾಲುವುದಿಲ್ಲ. ಆಗ ಕರ್ನೆಲ್ "ಜಾಗ ಇಲ್ಲ" ಅಂತ ಹೇಳಿ ಓಡಿಸುವುದಿಲ್ಲ. ಸ್ವಲ್ಪ ಹೊತ್ತಿನಿಂದ ಯಾರೂ ಮುಟ್ಟದ ಭಾಗಗಳನ್ನು ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ಡಿಸ್ಕ್ ರ್‍ಯಾಮಿಗಿಂತ ಬಹಳ ನಿಧಾನ, ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆದರಂತೂ ಕೇಳಲೇಬೇಡಿ. ಒಳಗೆ ಕರಕರ ಸದ್ದು, ಮೌಸ್ ತಡವರಿಸುವುದು ಆಗಲೇ. ತಕ್ಷಣ ಎಲ್ಲರೂ "ವೈರಸ್ ಬಂದಿದೆ" ಅನ್ನುತ್ತಾರೆ. ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಮೆಮೊರಿ ಅನ್ನುವ ಕಡೆ ತೊಂಬತ್ತರ ಮೇಲೆ ಇದೆಯಾ, ಡಿಸ್ಕ್ ಅನ್ನುವ ಕಡೆ ನೂರಕ್ಕೆ ನೂರು ಇದೆಯಾ ನೋಡಿ. ಇದ್ದರೆ ರ್‍ಯಾಮ್ ಹೆಚ್ಚಿಸಿ, ಇಲ್ಲವೇ ಹಾರ್ಡ್ ಡಿಸ್ಕ್ ತೆಗೆಸಿ, ತಿರುಗುವ ಭಾಗ ಇಲ್ಲದ ಎಸ್‌ಎಸ್‌ಡಿ ಹಾಕಿಸಿ. ಹಳೆಯ ಲ್ಯಾಪ್‌ಟಾಪಿಗೆ ಮಾಡುವ ಖರ್ಚಿನಲ್ಲಿ ಎಸ್‌ಎಸ್‌ಡಿಯಷ್ಟು ಗಿಟ್ಟುವುದು ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ.

"ನಾಟ್ ರೆಸ್ಪಾಂಡಿಂಗ್" ಅಂತ ಬರುತ್ತದೆ, ಕಿಟಕಿ ಬೆಳ್ಳಗೆ ಮಂಕಾಗುತ್ತದೆ. ಇದು ಯಾರ ಮಾತು? ಎಕ್ಸೆಲ್‌ದಲ್ಲ. ಎಕ್ಸೆಲ್ ಬಾಯಿ ಬಿಡುವ ಸ್ಥಿತಿಯಲ್ಲೇ ಇಲ್ಲ. ನೀವು ಒತ್ತಿದ ಕೀಲಿ, ಮಾಡಿದ ಕ್ಲಿಕ್ಕು ಎಲ್ಲವನ್ನೂ ವಿಂಡೋಸ್ ಆ ಪ್ರೋಗ್ರಾಮಿನ ಮುಂದೆ ಸಾಲಾಗಿ ಇಡುತ್ತದೆ. ಸುಮಾರು ಐದು ಸೆಕೆಂಡು ಅದು ಯಾವುದನ್ನೂ ಎತ್ತಿಕೊಳ್ಳದಿದ್ದರೆ ವಿಂಡೋಸ್ ತಾನೇ ಆ ಹಣೆಪಟ್ಟಿ ಅಂಟಿಸುತ್ತದೆ. ಪ್ರೋಗ್ರಾಮ್ ಸತ್ತಿದೆ ಅಂತ ಅರ್ಥ ಅಲ್ಲ. ದೊಡ್ಡ ಲೆಕ್ಕ ಮಾಡುತ್ತಿರಬಹುದು, ನೆಟ್‌ವರ್ಕ್ ಪ್ರಿಂಟರಿಗೆ ಕಾಯುತ್ತಿರಬಹುದು. ಒಂದೆರಡು ನಿಮಿಷ ಸುಮ್ನೆ ಬಿಡಿ. ಆ ಹೊತ್ತಿನಲ್ಲಿ ಸಿಟ್ಟಿನಿಂದ ಹತ್ತು ಸಲ ಕ್ಲಿಕ್ ಮಾಡಿದರೆ ಆ ಹತ್ತೂ ಸಾಲಿನಲ್ಲಿ ಸೇರುತ್ತವೆ, ಅಷ್ಟೇ.

ಇಡೀ ಸ್ಕ್ರೀನ್ ನೀಲಿಯಾಗಿ (ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಕಪ್ಪಾಗಿ) ಯಂತ್ರ ನಿಲ್ಲುವ ನೀಲಿ ಸ್ಕ್ರೀನ್ ಬೇರೆ. ಅಲ್ಲಿ ಕರ್ನೆಲ್ಲೇ "ನನ್ನ ಕೈಲಿ ಆಗಲ್ಲ" ಅಂತ ನಿಂತಿದೆ. ಯಾವುದೋ ಒಂದು ಪ್ರೋಗ್ರಾಮ್ ಎಡವಿದರೆ ಕರ್ನೆಲ್ ಅದನ್ನು ಹೊರಗೆ ಹಾಕಿ ಮುಂದೆ ಹೋಗುತ್ತದೆ. ಆದರೆ ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ಸಣ್ಣ ಪ್ರೋಗ್ರಾಮ್‌ಗಳು, ಅಂದರೆ ಡ್ರೈವರ್‌ಗಳಲ್ಲಿ ಹಲವು ಕರ್ನೆಲ್ಲಿನ ಒಳಗೇ ಕೂತು ಕೆಲಸ ಮಾಡುತ್ತವೆ. ಅವು ಎಡವಿದರೆ ಇಡೀ ಮನೆಯೇ ನಿಲ್ಲುತ್ತದೆ. 2024ರ ಜುಲೈ 19 ನೆನಪಿದೆಯಾ? ಪ್ರಪಂಚದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿಯಾದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಎಲ್ಲರೂ ಮೈಕ್ರೋಸಾಫ್ಟ್ ಕೆಟ್ಟಿತು ಅಂದರು. ನಿಜವಾಗಿ ಕೆಟ್ಟದ್ದು ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿ ಕಳಿಸಿದ ಒಂದು ಅಪ್‌ಡೇಟ್. ಅವರ ಸಾಫ್ಟ್‌ವೇರ್ ಕರ್ನೆಲ್ಲಿನ ಒಳಗೆ ಕೂತಿತ್ತು, ಹಾಗಾಗಿ ಎಲ್ಲರನ್ನೂ ಎಳೆದುಕೊಂಡು ಬಿತ್ತು. ನಮ್ಮ ಮನೆಯ ಯಂತ್ರಗಳಲ್ಲಿ ನೀಲಿ ಸ್ಕ್ರೀನ್ ಪದೇ ಪದೇ ಬಂದರೆ ಕಾರಣ ಹೆಚ್ಚಾಗಿ ಇಂಥದ್ದೇ: ಸರಿಯಿಲ್ಲದ ಡ್ರೈವರ್, ಇಲ್ಲವೇ ಕೆಟ್ಟ ರ್‍ಯಾಮ್.

ಇಲ್ಲಿಯವರೆಗೆ ಹೇಳಿದ್ದು ಕಣ್ಣಿಗೆ ಕಾಣದ್ದು. ಕಾಣುವುದು ಮೇಲಿನ ಪದರ, ಇಂಟರ್‌ಫೇಸ್. ಚರಿತ್ರೆ ಬೇಗ ಮುಗಿಸುತ್ತೇನೆ. ಮೊದಲು ಇದ್ದದ್ದು ಟೈಪ್ ಮಾಡುವ ಆಜ್ಞೆಗಳು. 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಮೌಸ್ ಹಿಡಿದು ಸ್ಕ್ರೀನಿನ ಮೇಲೆ ಕೆಲಸ ಮಾಡಿ ತೋರಿಸಿದರು. ಅವರ ತಂಡ ಮಾಡಿದ ಮೊದಲ ಮೌಸಿನ ಹೊರಮೈ ಮರದ್ದು. 1973ರಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಅನ್ನುವ ಸಂಶೋಧನಾ ಕೇಂದ್ರದಲ್ಲಿ ಆಲ್ಟೋ ಬಂತು, 1984ರಲ್ಲಿ ಆಪಲ್ ಮ್ಯಾಕಿಂಟಾಷ್, 1985ರಲ್ಲಿ ಮೊದಲ ವಿಂಡೋಸ್. ಸ್ಟಾರ್ಟ್ ಬಟನ್ ಬಂದದ್ದು ವಿಂಡೋಸ್ 95ರಲ್ಲಿ. ನಾವು ಇವತ್ತು ನೋಡುವ ಡೆಸ್ಕ್‌ಟಾಪ್ ಅದೇ ಮನೆತನದ್ದು.

ಇದರಲ್ಲಿ ನಮಗೆ ಬೇಕಾದ ವಿಷಯ ಒಂದಿದೆ. ಡೆಸ್ಕ್‌ಟಾಪ್, ಟಾಸ್ಕ್‌ಬಾರ್, ಫೋಲ್ಡರ್ ಕಿಟಕಿ ಇವೆಲ್ಲ ಕರ್ನೆಲ್ ಅಲ್ಲ. ಎಕ್ಸ್‌ಪ್ಲೋರರ್ ಅನ್ನುವ ಇನ್ನೊಂದು ಪ್ರೋಗ್ರಾಮ್ ಬರೆದ ಚಿತ್ರ. ಒಮ್ಮೊಮ್ಮೆ ಟಾಸ್ಕ್‌ಬಾರ್ ಮಾಯವಾಗಿ, ಐಕಾನ್‌ಗಳೆಲ್ಲ ಹೋಗಿ, ಮತ್ತೆ ಬರುತ್ತವಲ್ಲ, ಆಗ ಎಕ್ಸ್‌ಪ್ಲೋರರ್ ಬಿದ್ದು ಎದ್ದಿರುತ್ತದೆ. ನಿಮ್ಮ ಫೈಲುಗಳಿಗೆ ಏನೂ ಆಗಿರುವುದಿಲ್ಲ. ಟಾಸ್ಕ್‌ಬಾರ್ ಅಲ್ಲಾಡದೆ ನಿಂತರೆ ಟಾಸ್ಕ್ ಮ್ಯಾನೇಜರಿನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಹುಡುಕಿ "ರೀಸ್ಟಾರ್ಟ್" ಒತ್ತಿದರೆ ಸಾಕು.

ಚಿತ್ರವೇ ವಸ್ತು ಅಲ್ಲ ಅನ್ನುವುದು ಡೆಸ್ಕ್‌ಟಾಪಿನಲ್ಲಿ ಎಲ್ಲ ಕಡೆ ಇದೆ. ಮೂಲೆಯಲ್ಲಿ ಸಣ್ಣ ಬಾಣ ಇರುವ ಐಕಾನ್ ಬರೀ ದಾರಿ ತೋರಿಸುವುದು. ಅದನ್ನು ಡಿಲೀಟ್ ಮಾಡಿದರೆ ಪ್ರೋಗ್ರಾಮ್ ಹೋಗುವುದಿಲ್ಲ. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬೇರೆ ಕಂಪ್ಯೂಟರಿಗೆ ಹೋದರೆ ಏನೂ ತೆರೆಯುವುದೂ ಇಲ್ಲ. ರಿಸೈಕಲ್ ಬಿನ್‌ಗೆ ಹೋದ ಫೈಲು ಅದೇ ಡಿಸ್ಕಿನಲ್ಲೇ ಇರುತ್ತದೆ, ಜಾಗ ಖಾಲಿ ಆಗುವುದು ಬಿನ್ ಖಾಲಿ ಮಾಡಿದ ಮೇಲೆ. ಪೆನ್‌ಡ್ರೈವಿನಿಂದ ಡಿಲೀಟ್ ಮಾಡಿದ್ದು ಸಾಮಾನ್ಯವಾಗಿ ಬಿನ್‌ಗೆ ಬರುವುದೇ ಇಲ್ಲ, ನೇರ ಹೋಗುತ್ತದೆ. ಮದುವೆ ಫೋಟೋ ಇಟ್ಟುಕೊಂಡವರು ಇದನ್ನು ನೆನಪಿಡಿ.

ಇನ್ನು ಮೋಸದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕಿ ಆದ ಮೇಲೆ ಬರುವ ಮೂರ್ನಾಲ್ಕು ಅಕ್ಷರ ಇದೆಯಲ್ಲ, ಪಿಡಿಎಫ್, ಜೆಪಿಜಿ ಅಂತ, ಅದನ್ನು ವಿಂಡೋಸ್ ತಾನಾಗಿಯೇ ಬಚ್ಚಿಡುತ್ತದೆ. ಚೆಂದ ಕಾಣಲಿ ಅಂತ. ನನಗೆ ಕೇಳಿದರೆ ಇದು ವಿಂಡೋಸ್‌ನ ಕೆಟ್ಟ ತೀರ್ಮಾನಗಳಲ್ಲಿ ಒಂದು. ಹೋಂಸ್ಟೇ ನಡೆಸುವವರಿಗೆ ಒಂದು ಮೇಲ್ ಬಂತು ಅಂತ ಇಟ್ಟುಕೊಳ್ಳಿ: ನಾವು ಎಂಟು ಜನ ಬರುತ್ತೇವೆ, ವಿವರ ಇದರಲ್ಲಿದೆ. ಫೈಲಿನ ಹೆಸರು "ಬುಕಿಂಗ್ ಡಾಟ್ ಪಿಡಿಎಫ್" ಅಂತ ಕಾಣುತ್ತದೆ, ಪಿಡಿಎಫ್‌ನ ಕೆಂಪು ಐಕಾನ್ ಕೂಡ ಇದೆ. ಪೂರ್ತಿ ಹೆಸರು "ಬುಕಿಂಗ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ". ಕೊನೆಯದನ್ನು ವಿಂಡೋಸ್ ಬಚ್ಚಿಟ್ಟಿದೆ. ಇಎಕ್ಸ್‌ಇ ಅಂದರೆ ಓಡುವ ಪ್ರೋಗ್ರಾಮ್. ಓಡುವ ಪ್ರೋಗ್ರಾಮ್ ತನ್ನ ಐಕಾನನ್ನು ತಾನೇ ಆರಿಸಿಕೊಳ್ಳುತ್ತದೆ. ಕಳ್ಳ ತನ್ನ ಗುರುತಿನ ಚೀಟಿ ತಾನೇ ಬರೆದುಕೊಂಡ ಹಾಗಾಯಿತು, ಅಲ್ವಾ? ಇವತ್ತೇ ಮನೆಗೆ ಹೋಗಿ ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ "ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್" ಅನ್ನುವುದಕ್ಕೆ ಟಿಕ್ ಹಾಕಿ.

ಫೋನಿನಲ್ಲಿ ಇದೇ ಆಟ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಮದುವೆ ಆಮಂತ್ರಣ ಅಂತ ಒಂದು ಫೈಲು, ಕೊನೆಯಲ್ಲಿ ಎಪಿಕೆ. ಟ್ರಾಫಿಕ್ ಚಲನ್ ಅಂತ ಇನ್ನೊಂದು, ಅದೂ ಎಪಿಕೆ. ಎಪಿಕೆ ಅಂದರೆ ಆ್ಯಂಡ್ರಾಯ್ಡ್ ಆ್ಯಪ್. ಆಮಂತ್ರಣ ಪತ್ರಿಕೆ ಯಾವತ್ತೂ ಆ್ಯಪ್ ಆಗಿರುವುದಿಲ್ಲ. ಒತ್ತಿದ ತಕ್ಷಣ ಆ್ಯಂಡ್ರಾಯ್ಡ್ ತಡೆಯುತ್ತದೆ: "ಈ ಮೂಲದಿಂದ ಬರುವ ಆ್ಯಪ್‌ಗಳನ್ನು ಹಾಕಲು ಅನುಮತಿ ಇಲ್ಲ" ಅನ್ನುತ್ತದೆ, ಸೆಟ್ಟಿಂಗ್ಸ್‌ಗೆ ಕರೆದುಕೊಂಡು ಹೋಗುತ್ತದೆ. 2017ರ ಆ್ಯಂಡ್ರಾಯ್ಡ್ 8ರಿಂದ ಈ ಅನುಮತಿಯನ್ನು ಒಂದೊಂದು ಆ್ಯಪ್‌ಗೂ ಬೇರೆ ಬೇರೆಯಾಗಿ ಕೇಳುತ್ತಾರೆ. ಇಲ್ಲಿ ಮಾತಾಡುತ್ತಿರುವುದು ಸಿಸ್ಟಮ್, ನಿಮ್ಮ ಪರವಾಗಿ. ನಾವು ಅದನ್ನೇ ಅಡ್ಡಿ ಅಂದುಕೊಂಡು ಸ್ವಿಚ್ ಆನ್ ಮಾಡಿ ಮುಂದೆ ಹೋಗುತ್ತೇವೆ. ಆಮೇಲೆ ಆ ಆ್ಯಪ್ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ ಬ್ಯಾಂಕಿನ ಒಟಿಪಿ ಅವರ ಕೈಗೆ.

ಫೋನಿನ ಮೆನುಗಳನ್ನು ಕನ್ನಡಕ್ಕೆ ಬದಲಿಸಿಕೊಳ್ಳಿ ಅಂತ ನಾನು ಹೇಳುವುದು ಈ ಕಾರಣಕ್ಕೇ. ಅನುವಾದ ಅಲ್ಲಲ್ಲಿ ಒರಟಾಗಿದೆ, ಒಪ್ಪುತ್ತೇನೆ. ಆದರೂ ಓದಿ ಅರ್ಥ ಆಗುವ ಭಾಷೆಯಲ್ಲಿ ಪ್ರಶ್ನೆ ಬಂದರೆ ಬೆರಳು ಒಂದು ಕ್ಷಣ ನಿಲ್ಲುತ್ತದೆ.

ಈಗ ಬ್ರೌಸರ್. ಮೇಲ್ಗಡೆ ವಿಳಾಸ ಬರೆಯುವ ಪಟ್ಟಿ ಇದೆಯಲ್ಲ, ಅದೊಂದು ಗಡಿ. ಗಡಿಯ ಮೇಲಿನದು ಬ್ರೌಸರಿನ ಜಾಗ, ಕೆಳಗಿನದು ವೆಬ್‌ಸೈಟಿನ ಜಾಗ. ಕೆಳಗೆ ವೆಬ್‌ಸೈಟು ಏನು ಬೇಕಾದರೂ ಬರೆಯಬಹುದು. ವಿಂಡೋಸ್ ಚೌಕದ ಹಾಗೇ ಕಾಣುವ ಚೌಕ ಬರೆಯಬಹುದು, ಮೈಕ್ರೋಸಾಫ್ಟ್ ಲೋಗೋ ಹಾಕಬಹುದು, "ಸ್ಕ್ಯಾನ್ ಆಗುತ್ತಿದೆ" ಅಂತ ಓಡುವ ಪಟ್ಟಿ ತೋರಿಸಬಹುದು, ಸೈರನ್ ಕೂಗಿಸಬಹುದು. "ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ಈ ನಂಬರಿಗೆ ಫೋನ್ ಮಾಡಿ." ಬರೀ ಒಂದು ವೆಬ್ ಪುಟ ಅದು. ಎಷ್ಟೋ ಸಲ ಇಡೀ ಸ್ಕ್ರೀನ್ ಆವರಿಸಿಕೊಂಡು ವಿಳಾಸದ ಪಟ್ಟಿಯನ್ನೇ ಮರೆಮಾಡುತ್ತದೆ. ಗಡಿ ಕಾಣದಿದ್ದಾಗಲೇ ನಮಗೆ ಗಾಬರಿ.

ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಫುಲ್ ಸ್ಕ್ರೀನ್ ಬಿಡುತ್ತದೆ. ಬಿಡದಿದ್ದರೆ ಆಲ್ಟ್ ಮತ್ತು ಎಫ್ 4. ಅದಕ್ಕೂ ಜಗ್ಗದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನೇ ಮುಚ್ಚಿ. ಮತ್ತೆ ತೆರೆದಾಗ "ಹಳೆಯ ಪುಟಗಳನ್ನು ತರಲೇ" ಅಂತ ಕೇಳಿದರೆ ಬೇಡ ಅನ್ನಿ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದೇ ಇಲ್ಲ ಅಂತ ಕಂಪನಿಯೇ ಹೇಳಿದೆ. ನಂಬರ್ ಕಂಡಿತು ಅಂದರೆ ಅಲ್ಲಿಗೆ ಮುಗಿಯಿತು.

ಇದರ ತಮ್ಮ ಇನ್ನೊಬ್ಬ ಇದ್ದಾನೆ. ಬಲಗಡೆ ಕೆಳಗಿನ ಮೂಲೆಯಲ್ಲಿ ದಿನವಿಡೀ "ಆ್ಯಂಟಿವೈರಸ್ ಅವಧಿ ಮುಗಿದಿದೆ" ಅಂತ ಬರುತ್ತಿರುತ್ತದೆ. ಅದು ಬರುವುದು ನಿಜವಾದ ವಿಂಡೋಸ್ ನೋಟಿಫಿಕೇಷನ್ ಜಾಗದಲ್ಲೇ. ಆದರೆ ಕಳಿಸುತ್ತಿರುವುದು ಯಾವುದೋ ವೆಬ್‌ಸೈಟು. ಹಿಂದೆ ಯಾವತ್ತೋ "ಅಲೋ" ಒತ್ತಿರುತ್ತೀರಿ. ಚೆನ್ನಾಗಿ ನೋಡಿದರೆ ಕ್ರೋಮ್ ಅಥವಾ ಎಡ್ಜ್ ಅನ್ನುವ ಹೆಸರು, ಜೊತೆಗೆ ವೆಬ್‌ಸೈಟಿನ ವಿಳಾಸ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ ಪಟ್ಟಿಗೆ ಹೋಗಿ ಆ ವಿಳಾಸ ತೆಗೆಯಿರಿ. ಫಾರ್ಮ್ಯಾಟ್ ಮಾಡಿಸಲು ದುಡ್ಡು ಕೊಡಬೇಡಿ.

ಹಾಗಾದರೆ ಸಿಸ್ಟಮ್‌ದೇ ದನಿ ಅಂತ ಖಾತ್ರಿ ಆಗುವುದು ಹೇಗೆ? ವಿಂಡೋಸ್ ವಿಸ್ತಾದಿಂದ ಒಂದು ವ್ಯವಸ್ಥೆ ಇದೆ. ಯಾವುದಾದರೂ ಪ್ರೋಗ್ರಾಮ್ ಯಂತ್ರದ ಒಳಗೆ ಬದಲಾವಣೆ ಮಾಡಲು ಹೊರಟರೆ ಇಡೀ ಸ್ಕ್ರೀನ್ ಮಂಕಾಗಿ ನಡುವೆ ಒಂದೇ ಪ್ರಶ್ನೆ ನಿಲ್ಲುತ್ತದೆ. ಆ ಮಂಕು ಅಲಂಕಾರಕ್ಕಲ್ಲ. ವಿಂಡೋಸ್ ಆಗ ಬೇರೆಯದೇ ಡೆಸ್ಕ್‌ಟಾಪಿಗೆ ಹೋಗಿರುತ್ತದೆ. ಉಳಿದ ಪ್ರೋಗ್ರಾಮ್‌ಗಳು ಅಲ್ಲಿಗೆ ಬಂದು ನಿಮ್ಮ ಬದಲು "ಯೆಸ್" ಒತ್ತುವ ಹಾಗಿಲ್ಲ. ಅದರಲ್ಲಿ ಪಬ್ಲಿಷರ್ ಯಾರು ಅಂತ ಬರೆದಿರುತ್ತದೆ. "ಅನ್‌ನೋನ್" ಅಂತಿದ್ದರೆ, ಮತ್ತೆ ನೀವು ಆಗಷ್ಟೇ ಏನನ್ನೂ ಹಾಕಲು ಹೊರಟಿರದಿದ್ದರೆ, "ನೋ". ಕಂಟ್ರೋಲ್, ಆಲ್ಟ್, ಡಿಲೀಟ್ ಕೂಡ ಇಂಥದ್ದೇ. ಆ ಮೂರು ಕೀಲಿ ನೇರವಾಗಿ ವಿಂಡೋಸ್‌ಗೇ ಹೋಗುತ್ತವೆ, ಬೇರೆ ಪ್ರೋಗ್ರಾಮ್ ನಡುವೆ ಹಿಡಿಯಲಾರದು. ಕೆಲವು ಆಫೀಸುಗಳಲ್ಲಿ ಲಾಗಿನ್ ಆಗುವ ಮೊದಲು ಅದನ್ನು ಒತ್ತಿಸುವುದು, ಎದುರಿಗೆ ಇರುವುದು ನಿಜವಾದ ಲಾಗಿನ್ ಸ್ಕ್ರೀನೇ ಅಂತ ಖಾತ್ರಿ ಆಗಲಿ ಅಂತ.

ಕೊನೆಗೆ ಕರೆಂಟಿನ ವಿಷಯ. ಜೂನಿನಿಂದ ನಮ್ಮಲ್ಲಿ ಒಂದು ಮರ ಬಿದ್ದರೆ ಎರಡು ದಿನ ಕತ್ತಲೆ. ಅದನ್ನು ನಿಮಗೆ ಹೇಳಬೇಕಾಗಿಲ್ಲ. ನೀವು ಟೈಪ್ ಮಾಡಿದ್ದು ಸೇವ್ ಮಾಡುವವರೆಗೂ ರ್‍ಯಾಮಿನಲ್ಲಿ ಮಾತ್ರ ಇರುತ್ತದೆ. ಕರೆಂಟ್ ಹೋದರೆ ಅದೂ ಹೋಯಿತು. ಸೇವ್ ಒತ್ತಿದ ಮೇಲೂ ಕರ್ನೆಲ್ ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡು ಆಮೇಲೆ ಡಿಸ್ಕಿಗೆ ಬರೆಯುವುದುಂಟು, ವೇಗಕ್ಕಾಗಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಫೈಲ್ ವ್ಯವಸ್ಥೆ ತಾನು ಮಾಡಲಿರುವ ಬದಲಾವಣೆಗಳ ಟಿಪ್ಪಣಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಕರೆಂಟ್ ಹೋಗಿ ಬಂದ ಮೇಲೆ ಡಿಸ್ಕಿನ ಒಟ್ಟು ಲೆಕ್ಕ ತಪ್ಪುವುದಿಲ್ಲ. ಆದರೆ ಅದು ಕಾಪಾಡುವುದು ಲೆಕ್ಕವನ್ನು, ನಿಮ್ಮ ಅರ್ಧ ಬರೆದ ಪತ್ರವನ್ನಲ್ಲ. ಯುಪಿಎಸ್ ಇರುವುದು ಕತ್ತಲಲ್ಲಿ ಕೆಲಸ ಮುಂದುವರಿಸಲು ಅಂತ ತುಂಬಾ ಜನ ತಿಳಿದಿದ್ದಾರೆ. ಡೆಸ್ಕ್‌ಟಾಪಿನ ಸಣ್ಣ ಯುಪಿಎಸ್ ಕೊಡುವುದು ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಸಮಯ. ಅಷ್ಟಕ್ಕೇ ಬಳಸಿ.

ಆಫ್ ಮಾಡಿ ಆನ್ ಮಾಡಿ ಅನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. 2012ರ ವಿಂಡೋಸ್ 8ರಿಂದ ಅದರಲ್ಲಿ ಒಂದು ಮರ್ಮ ಇದೆ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ, ಸಾಮಾನ್ಯವಾಗಿ ಆನ್ ಇರುತ್ತದೆ, ಶಟ್‌ಡೌನ್ ಮಾಡಿದಾಗ ಕರ್ನೆಲ್ ಪೂರ್ತಿ ಸಾಯುವುದಿಲ್ಲ. ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಬೆಳಿಗ್ಗೆ ಆನ್ ಮಾಡಿದಾಗ ಅದನ್ನೇ ಎತ್ತಿಕೊಂಡು ಏಳುತ್ತದೆ. ಹಳೆಯ ಕಿರಿಕಿರಿಯೂ ಜೊತೆಗೇ ಏಳುತ್ತದೆ. "ರೀಸ್ಟಾರ್ಟ್" ಒತ್ತಿದರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುವುದು. ದಿನಾ ಶಟ್‌ಡೌನ್ ಮಾಡುವವರು ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ "ಅಪ್ ಟೈಮ್" ನೋಡಿ. ವಾರಗಟ್ಟಲೆ ಆಗಿರುವುದು ಕಂಡು ಬೆರಗಾಗುತ್ತೀರಿ. ಪ್ರಿಂಟರ್ ಹಟ ಹಿಡಿದಾಗ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್.

ಇಷ್ಟು ನನ್ನ ಕಡೆಯಿಂದ. ಈಗ ನಿಮ್ಮ ಪ್ರಶ್ನೆಗಳು.

ತೋಟದ ಲೆಕ್ಕ ನೋಡುವ ಒಬ್ಬರು ಕೇಳಿದರು: "ಸಾರ್, ನಮ್ಮದು ವಿಂಡೋಸ್ 10. ಇನ್ನು ನಡೆಯಲ್ಲ ಅಂತಾರಲ್ಲ, ಬಿಸಾಕಬೇಕಾ?"

ಬಿಸಾಡಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಯಂತ್ರ ನಿಲ್ಲುವುದಿಲ್ಲ, ಭದ್ರತೆಯ ಅಪ್‌ಡೇಟ್ ನಿಲ್ಲುತ್ತದೆ. ಮನೆ ಬಳಕೆದಾರರಿಗೆ ಇನ್ನೊಂದು ವರ್ಷದ ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯನ್ನು ಕಂಪನಿಯೇ ಕೊಟ್ಟಿದೆ. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ ನೋಡಿ. ವಿಂಡೋಸ್ 11 ಹಾಕಲು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್, ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್, ಜೊತೆಗೆ ಅವರು ಒಪ್ಪುವ ಪಟ್ಟಿಯ ಪ್ರೊಸೆಸರ್ ಬೇಕು. ಇಲ್ಲದಿದ್ದರೆ ಲಿನಕ್ಸ್ ಇದೆ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಅನ್ನುವ ಫಿನ್ಲೆಂಡಿನ ವಿದ್ಯಾರ್ಥಿ ಶುರು ಮಾಡಿದ ಕರ್ನೆಲ್. ನಿಮ್ಮ ಆ್ಯಂಡ್ರಾಯ್ಡ್ ಫೋನಿನೊಳಗೆ ಇರುವುದೂ ಅದೇ. ಲಿನಕ್ಸಿನ ಮೇಲೆ ಕಟ್ಟಿದ ಮಿಂಟ್ ಅಥವಾ ಉಬುಂಟು ಹಾಕಿದರೆ ಬ್ರೌಸರ್, ವರ್ಡ್ ಎಕ್ಸೆಲ್ ಥರದ ಲಿಬ್ರೆ ಆಫೀಸ್ ಎಲ್ಲ ಆರಾಮಾಗಿ ನಡೆಯುತ್ತದೆ. ಆದರೆ ಟ್ಯಾಲಿ, ಕೆಲವು ಪ್ರಿಂಟರ್ ಮತ್ತು ಬಯೋಮೆಟ್ರಿಕ್ ಸಾಧನ ಬಳಸುವವರು ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ. ಡಿಸ್ಕಿಗೆ ಏನೂ ಹಾಕದೆ ಹಾಗೆ ನೋಡಬಹುದು.

ಒಬ್ಬ ನಿವೃತ್ತ ಮೇಷ್ಟ್ರು ಎದ್ದರು: "ನಾನು ಹದಿನೈದು ವರ್ಷದ ಹಿಂದೆ ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಪಾಠಗಳೆಲ್ಲ ಮಗಳ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಅಕ್ಷರದ ಕಸ ಆಗಿ ಕಾಣ್ತವೆ. ಹಾಳಾಗಿವೆಯಾ?"

ಹಾಳಾಗಿಲ್ಲ ಸಾರ್. ಇದರಲ್ಲೂ ಪದರಗಳಿವೆ. ಕೀಲಿಮಣೆಯ ವಿನ್ಯಾಸ ಒಂದು, ಫೈಲಿನೊಳಗೆ ಅಕ್ಷರಕ್ಕೆ ಇಡುವ ಸಂಕೇತ ಇನ್ನೊಂದು, ಸ್ಕ್ರೀನಿನ ಮೇಲೆ ಬರೆಯುವ ಫಾಂಟ್ ಮೂರನೆಯದು. ಹಳೆಯ ನುಡಿ ಫೈಲಿನಲ್ಲಿ ಕೂತಿರುವುದು ನಿಜಕ್ಕೂ ಇಂಗ್ಲಿಷ್ ಮತ್ತು ಅದರ ಜೊತೆಗಾರ ಅಕ್ಷರಗಳ ಸಂಕೇತಗಳೇ. ನುಡಿಯ ಫಾಂಟ್ ಅವನ್ನು ಕನ್ನಡದ ಆಕಾರದಲ್ಲಿ ಬರೆಯುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತಿದೆ. ಒಂದೊಂದು ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್ ಬಂದ ಮೇಲೆ ಕನ್ನಡಕ್ಕೆ ಅದರದೇ ಸಂಕೇತಗಳು ಸಿಕ್ಕವು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟಿನ ಜೊತೆ ಬಂತು, ಅಲ್ಲಿಂದ ಕನ್ನಡ ಬರೆಯುವ ಕೆಲಸ ಆಪರೇಟಿಂಗ್ ಸಿಸ್ಟಮ್‌ನದೇ ಆಯಿತು. ಈಗ ನೀವು ಕಲಿತ ಅದೇ ಕೀಲಿಮಣೆಯಲ್ಲಿ ಯೂನಿಕೋಡ್ ಟೈಪ್ ಮಾಡಬಹುದು, ಬೆರಳಿಗೆ ಹೊಸ ಪಾಠ ಬೇಕಾಗಿಲ್ಲ.

ಹಳೆಯದನ್ನು ಬದಲಿಸಿಕೊಡುವ ಪರಿವರ್ತಕಗಳು ಬೇಕಾದಷ್ಟಿವೆ. ಮೂಲ ಫೈಲಿನ ಒಂದು ಪ್ರತಿ ಬೇರೆ ಕಡೆ ಇಟ್ಟು ಆಮೇಲೆ ಬದಲಿಸಿ. ಆದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಓದಿ ನೋಡಿ, ತಪ್ಪು ಜಾಸ್ತಿ ಆಗುವುದು ಅಲ್ಲೇ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡದ ಕಸ ಆಗಿ ಬಂದಿರುತ್ತದೆ, ಅದನ್ನು ಕೈಯಲ್ಲೇ ತಿದ್ದಬೇಕು. ಪಾಠದ ಪುಟಗಳು ಜಾಸ್ತಿ ಇದ್ದರೆ ಒಂದೇ ಸಲ ಎಲ್ಲ ಹಾಕಬೇಡಿ, ಒಂದೊಂದೇ ಅಧ್ಯಾಯ ಮಾಡಿ.